ಧಿಂಡ್ ಸಾಕು ಸಾಹೇಬ್ರೆ, ಒಡೆದ ಗಾಜಿನ ಲೆಕ್ಕ ತಗೊಳ್ಳಿ

ಪುಣೆ ಪೊಲೀಸ್ ಕಮಿಷನರ್ ಸಾಹೇಬ್ರಿಗೆ, ಮಹಾನಗರ ಪಾಲಿಕೆ ಸಾಹೇಬ್ರಿಗೆ, ಮತ್ತೆ ಈ ಊರಲ್ಲಿ ಅನ್ನ ಹುಟ್ಟಿಸಿಕೊಂಡಿರೋ ನಮ್ಮ ಕನ್ನಡದ ಮಂದಿಗೆ,

ನಮಸ್ಕಾರ. ಪುಣೆಯ ಸಾಹೇಬ್ರಿಗೆ ಕನ್ನಡದಲ್ಲಿ ಯಾಕಪ್ಪಾ ಪತ್ರ ಅಂತ ನಗಬೇಡಿ, ಮರಾಠಿ ಪ್ರತಿ ಬೇರೆ ಮಾಡಿಸಿದೀನಿ, ಅದು ಆಫೀಸಿನ ಟಪಾಲಿಗೆ ಹೋಗುತ್ತೆ. ಇದು ನಮ್ಮವರೂ ಓದ್ಲಿ ಅಂತ. ವಾರ್ಜೆ, ಹಡಪ್ಸರ್, ಯೆರವಡಾ, ಬಿಬ್ವೇವಾಡಿ ಕಡೆ ರಾತ್ರಿ ರೋಡ್ ಬದಿ ರಿಕ್ಷಾ, ಟೆಂಪೋ ನಿಲ್ಲಿಸಿ ಮನೆಗೆ ಹೋಗಿ ಮಲಗೋರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯೋರು ಬೇಕಾದಷ್ಟಿದಾರೆ, ಬೆಳಿಗ್ಗೆ ಎದ್ದು ಗಾಜು ಗುಡಿಸೋರೂ ಅವರೇ.

ನಾನು ಗಾಡಿ ಇನ್ಶೂರೆನ್ಸ್ ಕ್ಲೇಮ್ ಕೆಲಸದಲ್ಲಿದೀನಿ. ಓದಿದ್ದು ಧಾರವಾಡದಲ್ಲಿ ಸೋಷಿಯಾಲಜಿ, ಹೊಟ್ಟೆಪಾಡು ಒಡೆದ ಗಾಡಿದು. ಎರಡಕ್ಕೂ ಸಂಬಂಧ ಇಲ್ಲ ಅಂತ ಮನೆಯವ್ರು ಈಗ್ಲೂ ಹೇಳ್ತಾರೆ, ಕೊಯ್ತಾ (ಮಚ್ಚು) ಬೀಸಿ ಗಾಡಿ ಒಡೆಯೋ ಹುಡುಗರ ಗ್ಯಾಂಗಿನ ಗಲಾಟೆ ಶುರುವಾದ ಮೇಲೆ ನಾನಂತೂ ಒಪ್ಪಲ್ಲ.

ಮೊನ್ನೆ ಸೊಸೈಟಿ ಗ್ರೂಪಿಗೆ ಮತ್ತೊಂದು ಧಿಂಡ್ ವಿಡಿಯೋ ಬಂತು, ಧಿಂಡ್ ಅಂದ್ರೆ ಹಿಡಿದ ಆರೋಪಿಗಳನ್ನ ಪೊಲೀಸ್ರು ಓಣಿಯಲ್ಲಿ ಮೆರವಣಿಗೆ ಮಾಡಿಸೋದು. ಹುಡುಗ್ರು ಕುಂಟ್ತಾ, ಕೈ ಮುಗೀತಾ, ತಾವು ಕೊಯ್ತಾ ಬೀಸಿದ ಗಲ್ಲಿಯಲ್ಲೇ ನಡ್ಕೊಂಡು ಹೋಗ್ತಿದಾರೆ, ಹಿಂದೆ ಮುಂದೆ ಪೊಲೀಸ್ರು, ಆ ಕಡೆ ಈ ಕಡೆ ಮೊಬೈಲ್ ಹಿಡಿದ ಜನ. ಗ್ರೂಪಲ್ಲಿ ಚಪ್ಪಾಳೆ ಇಮೋಜಿ ಮೇಲೆ ಇಮೋಜಿ. 2024ರ ಫೆಬ್ರುವರಿಯಲ್ಲಿ ಪಟ್ಟಿಯಲ್ಲಿರೋ ಗುಂಡಾಗಳನ್ನೆಲ್ಲ ಕಮಿಷನರ್ ಆಫೀಸಿಗೇ ಕರೆಸಿ ಪರೇಡ್ ಮಾಡಿಸಿದಾಗ್ಲೂ ಇದೇ ಚಪ್ಪಾಳೆ ಇತ್ತು. ನಾನು ಮೊನ್ನೆಯ ಆ ವಿಡಿಯೋನ ಎರಡು ಸಲ ನೋಡ್ದೆ, ಯಾರ ಗಾಡಿ ಒಡೆದಿತ್ತೋ ಅವ್ನು ಅದರಲ್ಲಿ ಎಲ್ಲೂ ಕಾಣಲಿಲ್ಲ. ನನ್ನ ತಕರಾರು ಇಷ್ಟೇ ಸಾಹೇಬ್ರೆ, ಪತ್ರ ಉದ್ದ ಆಗುತ್ತೆ ಆದ್ರೆ ತಕರಾರು ಇಷ್ಟೇ.

ನಾನು ಕಂಡಿದ್ದನ್ನ ಹೇಳ್ತೀನಿ. ಕೊಯ್ತಾ ಏಟು ಬಿದ್ದ ಗಾಡಿ ದೂರದಿಂದ್ಲೇ ಗೊತ್ತಾಗುತ್ತೆ. ಮುಂದಿನ ಗಾಜು ಲ್ಯಾಮಿನೇಟೆಡ್ ಇದ್ರೆ ಉದುರಲ್ಲ, ಉದ್ದಕ್ಕೆ ಒಂದು ಸೀಳು, ಸುತ್ತ ಬಿರುಕು, ಹಂಗೇ ನಿಂತಿರುತ್ತೆ. ಪಕ್ಕದ ಗಾಜು ಟಫನ್ಡ್, ಒಂದೇ ಏಟಿಗೆ ಕಲ್ಲುಸಕ್ಕರೆ ಥರ ಪುಡಿಯಾಗಿ ಸೀಟ್ ಮೇಲೆಲ್ಲ ಬಿದ್ದಿರುತ್ತೆ. ಬಾನೆಟ್ ಮೇಲೆ ಕಲ್ಲು ಬಿದ್ರೆ ಗುಂಡಗೆ ತಗ್ಗು, ಕೊಯ್ತಾ ಆದ್ರೆ ಉದ್ದ ಗೀರು, ಪೇಂಟ್ ಎದ್ದು ತಗಡು ಕಾಣುತ್ತೆ. ಸಾಲಾಗಿ ನಿಂತ ಗಾಡಿಗಳಲ್ಲಿ ಯಾವ್ದನ್ನೂ ಬಿಟ್ಟಿರಲ್ಲ, ದ್ವೇಷ ಇರೋದು ಒಬ್ಬನ ಮೇಲೆ, ಏಟು ಎಲ್ಲರ ಗಾಡಿಗೆ, ಯಾಕಂದ್ರೆ ಅವ್ರಿಗೆ ಬೇಕಿರೋದು ದಹಶತ್, ಅಂದ್ರೆ ಜನರಲ್ಲಿ ಭಯ. ಮತ್ತೆ ಆ ಸಾಲಲ್ಲಿ ಇರೋದು ಏನು? ರಿಕ್ಷಾ, ಛೋಟಾ ಹಾಥಿ ಅನ್ನೋ ಸಣ್ಣ ಟೆಂಪೋ, ಹಳೇ ಆಲ್ಟೋ, ಡೆಲಿವರಿ ಹುಡುಗನ ಕಂತಿನ ಬೈಕು. ಬೇಸ್‌ಮೆಂಟ್ ಪಾರ್ಕಿಂಗ್ ಇರೋನ ಗಾಡಿ ಮುಟ್ಟೋಕೆ ಯಾರೂ ಹೋಗಲ್ಲ, ಅಲ್ಲಿ ವಾಚ್‌ಮನ್ ಇದಾನೆ, ಕ್ಯಾಮೆರಾ ಇದೆ.

ಈಗ ಇನ್ಶೂರೆನ್ಸಿನ ಕಥೆ ಕೇಳಿ. ಈ ಥರ ಯಾರೋ ಬೇಕಂತ ಒಡೆದಿದ್ದು ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಕವರ್ ಆಗುತ್ತೆ, ಥರ್ಡ್ ಪಾರ್ಟಿಯಲ್ಲಿ ಒಂದು ಪೈಸೆ ಬರಲ್ಲ. ಹಳೇ ರಿಕ್ಷಾ, ಟೆಂಪೋದವ್ರು ಎಷ್ಟೋ ಜನ ಕಾನೂನಿಗೆ ಬೇಕು ಅಂತ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರ್ತಾರೆ. ಹೋಗ್ಲಿ, ಕಾಂಪ್ರಹೆನ್ಸಿವ್ ಇದ್ದೋನು? ಸಣ್ಣ ಕಾರಿಗೆ ಮೊದಲ ಸಾವಿರ ರೂಪಾಯಿ ಅವನೇ ಹಾಕ್ಕೋಬೇಕು, ಕ್ಲೇಮ್ ತಗೊಂಡ್ರೆ ನೋ ಕ್ಲೇಮ್ ಬೋನಸ್ ಹೋಗುತ್ತೆ, ಅದು ವರ್ಷ ಕಳೆದಂಗೆ 20 ಪರ್ಸೆಂಟಿಂದ 50ರವರೆಗೆ ಏರಿರುತ್ತೆ. ನಾಲ್ಕು ಸಾವಿರದ ಗಾಜಿಗೆ ಅಷ್ಟು ಬೋನಸ್ ಯಾರು ಕಳ್ಕೋತಾರೆ, ನಾನೇ ಎಷ್ಟೋ ಜನಕ್ಕೆ ಕ್ಲೇಮ್ ಬೇಡ ಬಿಡ್ರಿ ಅಂದಿದೀನಿ. ಕ್ಲೇಮ್ ಇಲ್ಲ ಅಂದ್ರೆ ಎಫ್‌ಐಆರ್ ಕಾಪಿ ಬೇಡ, ಕಾಪಿ ಬೇಡ ಅಂದ್ರೆ ಸ್ಟೇಷನ್ ಮೆಟ್ಟಿಲು ಹತ್ತೋ ಕಾರಣಾನೇ ಇಲ್ಲ. ಅಲ್ಲಿಗೆ ಆ ಗಾಜು ಇನ್ಶೂರೆನ್ಸ್ ಕಂಪನಿ ಲೆಕ್ಕದಲ್ಲೂ ಇಲ್ಲ, ನಿಮ್ಮ ಲೆಕ್ಕದಲ್ಲೂ ಇಲ್ಲ.

ಮೆಟ್ಟಿಲು ಹತ್ತಿದೋನ ಗತಿ ಏನು ಅಂದ್ರೆ, ಇಂಡಿ ಕಡೆಯ ಒಬ್ಬ ಟೆಂಪೋ ಡ್ರೈವರ್‌ನ ಎಫ್‌ಐಆರ್ ಆಗಿದೆಯೇನ್ರೀ ಅಂತ ಕೇಳಿದ್ದೆ. ಅವನು ಹೇಳಿದ್ದು ಹಂಗೇ ಬರೀತೀನಿ: "ಎನ್‌ಸಿ ಬರ್ಕೊಂಡಾರ್ರಿ ಸರ, ಚೀಟಿ ಕೊಟ್ಟಾರ. ಹೆಸರು ಹೇಳು ಅಂದ್ರು. ಹೆಸರು ನನಗ ಗೊತ್ತೈತ್ರಿ, ಆದ್ರ ನಾ ಹೇಳಂಗಿಲ್ಲ. ನಾಳೆ ಅವ್ರು ಬೇಲ್ ಮ್ಯಾಲೆ ಹೊರಗ ಬರ್ತಾರ, ನಾ ಗಾಡಿ ಎಲ್ಲಿ ನಿಲ್ಲಸ್ಲಿರಿ?" ಇದರಲ್ಲಿ ಆ ಸ್ಟೇಷನ್ ಹವಾಲ್ದಾರನ ತಪ್ಪು ಪೂರ್ತಿ ಅಂತ ನಾನು ಹೇಳಲ್ಲ. ಸಣ್ಣ ಮೊತ್ತದ ಹಾನಿ ಕಾನೂನಿನಲ್ಲೇ ಎನ್‌ಸಿ, ಅಂದ್ರೆ ನಾನ್-ಕಾಗ್ನಿಜೆಬಲ್, ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ದೆ ತನಿಖೆ ಮಾಡೋ ಹಂಗಿಲ್ಲ. ಹತ್ತು ಗಾಡಿ ಒಡೆದ್ರೂ ಒಬ್ಬೊಬ್ಬನದು ಬೇರೆ ಬೇರೆ ಸಣ್ಣ ಮೊತ್ತ. ಆಯುಧ ಬೀಸಿದ್ದಕ್ಕೆ ಬೇರೆ ಕಲಮು ಹಾಕೋಕೆ ದಾರಿ ಇದೆ, ಹಾಕೋ ಮನಸ್ಸು ಇರಬೇಕು ಅಷ್ಟೇ.

ಓದಿದ್ದು ಇಲ್ಲೇ ನೆನಪಾಗೋದು. ಅಪರಾಧ ಯಾಕೆ ಆಗುತ್ತೆ ಅಂತ ಓದೋ ಕ್ರಿಮಿನಾಲಜಿಯಲ್ಲಿ ರಿಯಲಿಸ್ಟ್‌ಗಳು ಅಂತ ಎರಡು ಗುಂಪು. ಎಡಗಡೆ ಬ್ರಿಟನ್ನಿನ ಜಾಕ್ ಯಂಗ್, ಜಾನ್ ಲೀ ಅವರ ಗುಂಪು, ಬಲಗಡೆ ಅಮೆರಿಕದ ಜೇಮ್ಸ್ ಕ್ಯೂ. ವಿಲ್ಸನ್ ಅವರ ಗುಂಪು. 1970-80ರ ದಶಕದಲ್ಲಿ ಇಬ್ಬರಿಗೂ ಬೇಜಾರಾಗಿದ್ದು ಒಂದೇ ವಿಷಯಕ್ಕೆ, ಅಪರಾಧ ಅನ್ನೋದು ನಿಜವಾಗ್ಲೂ ಜನರ ಬದುಕು ಹಾಳು ಮಾಡ್ತಿದೆ, ಪಂಡಿತರು ಮಾತ್ರ ಬರೀ ಥಿಯರಿ ಹೇಳ್ಕೊಂಡು ಕೂತಿದಾರೆ ಅಂತ. ಆಗ ಎಡಪಂಥದ ಪಂಡಿತರಲ್ಲಿ ಕೆಲವರು ಕಳ್ಳನನ್ನ ಹೆಚ್ಚುಕಮ್ಮಿ ಕ್ರಾಂತಿಕಾರಿ ಮಾಡಿಟ್ಟಿದ್ರು, ಶ್ರೀಮಂತರ ಸೊತ್ತಿಗೆ ಕೈ ಹಾಕೋ ಬಡವ ಅನ್ನೋ ಥರ. ಯಂಗ್ ಮತ್ತೆ ಲೀ 1984ರಲ್ಲಿ ಅದಕ್ಕೆ ಉತ್ತರ ಕೊಟ್ರು: ಬಡವರ ಮನೆಗೆ ಕನ್ನ ಬೀಳೋದು ಅದೇ ಓಣಿ ಹುಡುಗರಿಂದ, ಕೂಲಿಯವನ ಮೇಲೆ ಕೈ ಮಾಡೋದು ಕೂಲಿಯವನೇ, ಶ್ರೀಮಂತರ ಕಾಟ ಒಂದು ಕಡೆಯಾದ್ರೆ ಇದು ಇನ್ನೊಂದು ಕಡೆ. ಛೋಟಾ ಹಾಥಿ ಗಾಜು ನೋಡಿದೋನಿಗೆ ಇದು ಪುಸ್ತಕ ಓದದೇನೂ ಅರ್ಥ ಆಗುತ್ತೆ.

ಅವರು ಸುಮ್ನೆ ಹೇಳಿ ಬಿಡಲಿಲ್ಲ, ಮನೆ ಮನೆಗೆ ಹೋಗಿ ಕೇಳಿದ್ರು. ಲಂಡನ್ನಿನ ಇಸ್ಲಿಂಗ್ಟನ್ ಅನ್ನೋ ಒಂದೇ ಪ್ರದೇಶದಲ್ಲಿ ಮಾಡಿದ ಸರ್ವೇ 1986ರಲ್ಲಿ ಹೊರಗೆ ಬಂತು. ಇಡೀ ದೇಶದ ಸರಾಸರಿ ತಗೊಂಡ್ರೆ ಅಪರಾಧಕ್ಕೆ ಸಿಗೋ ಚಾನ್ಸ್ ಭಾಳ ಕಮ್ಮಿ ಕಾಣುತ್ತೆ, ಸರ್ಕಾರ ಅದನ್ನೇ ಹೇಳ್ಕೊಂಡು ಜನ ಸುಮ್ನೆ ಹೆದರ್ತಾರೆ ಅಂತಿತ್ತು. ಒಂದು ಬಡ ಏರಿಯಾ ಹಿಡಿದು ಕೇಳಿದಾಗ ಗೊತ್ತಾಯ್ತು ಹೆದರಿಕೆ ಸುಳ್ಳಲ್ಲ, ಕತ್ತಲಾದ ಮೇಲೆ ಎಷ್ಟೋ ಹೆಣ್ಮಕ್ಕಳು ಹೊರಗೆ ಬರೋದನ್ನೇ ಬಿಟ್ಟಿದಾರೆ, ಆಗಿದ್ದರಲ್ಲಿ ಎಷ್ಟೋ ಪೊಲೀಸರವರೆಗೆ ಹೋಗೇ ಇಲ್ಲ. ನಮ್ಮಲ್ಲೂ ಇಂಥದ್ದು ಆಗಿದೆ. 2017ರಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆಯವ್ರು ದಿಲ್ಲಿ, ಮುಂಬೈ, ಬೆಂಗಳೂರು, ಚೆನ್ನೈನಲ್ಲಿ ಕೇಳಿದಾಗ ಕಳ್ಳತನ ಆದ ನೂರು ಜನರಲ್ಲಿ ಹತ್ತು ಜನಕ್ಕೂ ಎಫ್‌ಐಆರ್ ಆಗಿರ್ಲಿಲ್ಲ. ಪುಣೆ ಆ ಪಟ್ಟಿಯಲ್ಲಿ ಇರ್ಲಿಲ್ಲ. ಇಲ್ಲಿ ಬೇರೆ ಥರ ಇರುತ್ತೆ ಅಂತ ನಂಬೋಕೆ ನನಗಂತೂ ಕಾರಣ ಕಾಣ್ತಿಲ್ಲ.

ಸರಿ, ಆ ಹುಡುಗ ಯಾಕೆ ಕೊಯ್ತಾ ಹಿಡೀತಾನೆ? ಬಡತನ ಅಂತ ಒಂದೇ ಮಾತಲ್ಲಿ ಮುಗಿಸೋರನ್ನ ಕಂಡ್ರೆ ನನಗೆ ಆಗಲ್ಲ, ಬಡತನಾನೇ ಕಾರಣ ಆಗಿದ್ರೆ ಲೇಬರ್ ಅಡ್ಡಾದಲ್ಲಿ ಬೆಳಿಗ್ಗೆ ಬುತ್ತಿ ಹಿಡ್ಕೊಂಡು ನಿಲ್ಲೋ ನಮ್ಮ ಯಾದಗಿರಿ ಜನ ಎಲ್ಲರಿಗಿಂತ ದೊಡ್ಡ ಕಳ್ಳರಾಗ್ಬೇಕಿತ್ತು. (ಅಂದಹಾಗೆ ನಾಕಾಬಂದಿಯಲ್ಲಿ ಮೊದಲು ನಿಲ್ಲಿಸೋದು ಅವರನ್ನೇ. ಕೆಲವು ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತಿದ್ದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1952ರಲ್ಲಿ ಹೋಯ್ತು, ಮುಖ ನೋಡಿ ಕಳ್ಳ ಅನ್ನೋ ಚಾಳಿ ಹೋಗಿಲ್ಲ.) ಯಂಗ್ ಹೇಳೋದು ಇಷ್ಟು: 1930ರ ದಶಕದಲ್ಲಿ ಬ್ರಿಟನ್ನಲ್ಲಿ ಕೆಲಸ ಇಲ್ದೋರು ಎಷ್ಟೋ ಜನ ಇದ್ರು, ಅಪರಾಧ ಮಾತ್ರ ಅಷ್ಟಿರ್ಲಿಲ್ಲ, ಸುಖ ಹೆಚ್ಚಾದ ಮೇಲೆ ಏರ್ತು. ಹೊಟ್ಟೆ ಹಸಿವಿಗಿಂತ ಪಕ್ಕದವನ ತಟ್ಟೆ ಕಣ್ಣಿಗೆ ಕುಕ್ಕೋದು, ಅದು ಅನ್ಯಾಯ ಅನ್ಸೋದು, ಆ ಸಿಟ್ಟನ್ನ ಹೇಳ್ಕೊಳ್ಳೋಕೆ ಯಾವ ಜಾಗಾನೂ ಇಲ್ದೆ ಇರೋದು, ಇವು ಮೂರೂ ಸೇರಿದ್ರೆ ಹುಡುಗ್ರು ತಮ್ಮದೇ ಒಂದು ಗುಂಪು, ತಮ್ಮದೇ ಒಂದು ಮರ್ಯಾದೆ ಕಟ್ಕೋತಾರೆ. ಹಡಪ್ಸರ್‌ನಲ್ಲಿ ಮಗರ್‌ಪಟ್ಟಾ ಐಟಿ ಗೇಟಿನ ಆ ಕಡೆ ಈ ಕಡೆ ಅರ್ಧ ಗಂಟೆ ನಿಂತು ನೋಡಿ, ಒಳಗೆ ಹೋಗೋ ಗಾಡಿ ಯಾವುದು, ಹೊರಗೆ ಪಾರ್ಸಲ್ ಹಿಡ್ಕೊಂಡು ನಿಂತ ಹುಡುಗ ಯಾರು. ಹೇಳ್ಕೊಳ್ಳೋ ಜಾಗದ ವಿಷಯಕ್ಕೆ ಬಂದ್ರೆ, 2022ರ ಮಾರ್ಚಿಂದ ವರ್ಷಗಟ್ಟಲೆ ಪಾಲಿಕೆಯಲ್ಲಿ ಚುನಾಯಿತ ನಗರಸೇವಕರೇ (ಕಾರ್ಪೊರೇಟರ್‌ಗಳೇ) ಇರ್ಲಿಲ್ಲ, ಆಡಳಿತಾಧಿಕಾರಿ ರಾಜ್ಯ. ಆದ್ರೆ ಭಾವೀ ನಗರಸೇವಕರ ಬರ್ತ್‌ಡೇ ಫ್ಲೆಕ್ಸ್ ಮಾತ್ರ ಪ್ರತಿ ಚೌಕಿನಲ್ಲೂ ಇತ್ತು, ಅದರ ಕೆಳಗೆ ಸಾಲಾಗಿ ಇದೇ ಹುಡುಗರ ಪಾಸ್‌ಪೋರ್ಟ್ ಸೈಜ್ ಫೋಟೋ. ಆ ಹುಡುಗರಿಗೆ ರಾಜಕೀಯ ಅಂದ್ರೆ ಫ್ಲೆಕ್ಸಿನ ಕೆಳಗಿನ ಜಾಗ ಅಷ್ಟೇ.

ಧಿಂಡ್ ಆ ಮರ್ಯಾದೆನ ಮುರಿಯುತ್ತೆ ಅಂತ ನಿಮ್ಮ ಲೆಕ್ಕ ಇರ್ಬಹುದು. ಉಲ್ಟಾ ಆಗ್ತಿದೆ ಸಾಹೇಬ್ರೆ. ಅದೇ ವಿಡಿಯೋಗೆ ಹಾಡು ಹಾಕಿ ಅವನ ಚೇಲಾಗಳು ರೀಲ್ ಬಿಡ್ತಾರೆ, ಭಾಯಿ ಪೊಲೀಸ್ ಮಧ್ಯೆ ಹೆಂಗೆ ನಡೀತಿದಾನೆ ನೋಡ್ರಿ ಅಂತ. ನಡೆಯೋನು 18 ದಾಟಿದೋನೇ ಇರ್ಲಿ, ನೋಡೋನು 14-15ರ ತಮ್ಮ. ಕೋರ್ಟು ಇನ್ನೂ ಅಪರಾಧಿ ಅಂದಿರಲ್ಲ ಅನ್ನೋ ಮಾತನ್ನ ನಾನು ಹೇಳಿದ್ರೆ ಗ್ರೂಪಲ್ಲಿ ನನ್ನನ್ನೇ ಬೈತಾರೆ, ಆದ್ರೂ ಹೇಳ್ಬೇಕು, ಕೈಕೋಳ ಹಾಕೋದೇ ಅಮಾನವೀಯ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಇನ್ನು ಇದನ್ನ ಬರೀದೇ ಇರೋಕೆ ಆಗಲ್ಲ. 2024ರ ಮೇ 19ರ ಬೆಳಗಿನ ಜಾವ ಕಲ್ಯಾಣಿನಗರದಲ್ಲಿ ಪೋರ್ಷೆ ಗುದ್ದಿ ಇಬ್ಬರು ಇಂಜಿನಿಯರ್ ಹುಡುಗ ಹುಡುಗಿ ಸತ್ರು, ಗಾಡಿ ನಡೆಸ್ತಿದ್ದ ಅಂತ ಆರೋಪ ಇರೋದು 17 ವರ್ಷದ ಹುಡುಗನ ಮೇಲೆ. ಕೆಲವೇ ಗಂಟೇಲಿ ಬೇಲು, ಶರತ್ತುಗಳಲ್ಲಿ 300 ಪದದ ಪ್ರಬಂಧ. ಆಮೇಲೆ ರಕ್ತದ ಸ್ಯಾಂಪಲ್ ಬದಲಾಯಿಸಿದ ಆರೋಪದ ಮೇಲೆ ಡಾಕ್ಟರ್‌ಗಳ ಬಂಧನ. ಜನ ಕೂಗಾಡಿದ ಮೇಲೆ ಬೇಲ್ ತಿದ್ದಿದ್ದು, ಹೈಕೋರ್ಟ್ ಬಿಡಿಸಿದ್ದು ಎಲ್ಲ ನಿಮಗೆ ಗೊತ್ತಿರೋದೇ. ಮೈನರ್‌ನ ಹೆಂಗೆ ನೋಡ್ಕೋಬೇಕು ಅಂತ ಕಾನೂನು ಹೇಳೋದನ್ನ ನಾನು ಪ್ರಶ್ನೆ ಮಾಡ್ತಿಲ್ಲ, ಅದು ಇರ್ಬೇಕು, ಎಲ್ಲ ಮೈನರ್‌ಗೂ ಇರ್ಬೇಕು. ಜನತಾ ವಸಾಹತ್ ಅನ್ನೋ ಸ್ಲಮ್ಮಿನ ಹುಡುಗ ಆ ನ್ಯೂಸು ನೋಡಿ ಏನು ಕಲ್ತಿರ್ತಾನೆ ಅನ್ನೋದು ನನ್ನ ಪ್ರಶ್ನೆ. ಯಂಗ್ ಹೇಳಿದ ಆ ಅನ್ಯಾಯದ ಸಿಟ್ಟಿಗೆ ಇದಕ್ಕಿಂತ ಉದಾಹರಣೆ ಬೇಕಾ?

ಬಲಗಡೆಯವ್ರನ್ನ ಬಿಟ್ಟೆ ಅನ್ಕೋಬೇಡಿ. ವಿಲ್ಸನ್‌ಗೆ ಮೂಲ ಕಾರಣ ಹುಡುಕೋರು ಅಂದ್ರೆ ಆಗ್ತಿರ್ಲಿಲ್ಲ, ಬಡತನ ಹೋಗೋವರೆಗೂ ಕಾಯೋಕಾಗುತ್ತಾ, ಕೈಗೆ ಸಿಗೋದನ್ನ ಸರಿ ಮಾಡಿ ಅಂತ. ಆ ಮಾತಿಗೆ ನನ್ನದೂ ಒಂದು ವೋಟು. 1982ರ ಮಾರ್ಚಲ್ಲಿ ಅವರು ಜಾರ್ಜ್ ಕೆಲ್ಲಿಂಗ್ ಜೊತೆ ಬರೆದ ಒಡೆದ ಕಿಟಕಿ ಲೇಖನ ನಿಮ್ಮ ಟ್ರೇನಿಂಗಲ್ಲೂ ಬಂದಿರುತ್ತೆ, ಒಂದು ಒಡೆದ ಕಿಟಕಿನ ಹಂಗೇ ಬಿಟ್ರೆ ಉಳಿದವೂ ಒಡೀತವೆ ಅನ್ನೋದು. ಅದರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೋ 1969ರಲ್ಲಿ ಮಾಡಿದ ಕಾರಿನ ಪ್ರಯೋಗ ಬರುತ್ತೆ. ನಂಬರ್ ಪ್ಲೇಟ್ ತೆಗೆದು, ಬಾನೆಟ್ ಎತ್ತಿ ಒಂದು ಕಾರು ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಬಿಟ್ರು, ಹತ್ತು ನಿಮಿಷದಲ್ಲಿ ಮೊದಲು ಬಂದಿದ್ದು ಯಾರು ಗೊತ್ತಾ, ಅಪ್ಪ ಅಮ್ಮ ಸಣ್ಣ ಮಗ, ರೇಡಿಯೇಟರ್ ಬ್ಯಾಟರಿ ಬಿಚ್ಕೊಂಡು ಹೋದ್ರು. ಇನ್ನೊಂದು ಕಾರು ಶ್ರೀಮಂತರ ಪಾಲೋ ಆಲ್ಟೋದಲ್ಲಿ, ವಾರ ಕಳೆದ್ರೂ ಯಾರೂ ಮುಟ್ಲಿಲ್ಲ, ಆಮೇಲೆ ಜಿಂಬಾರ್ಡೋನೇ ಸುತ್ತಿಗೆ ತಗೊಂಡು ಒಂದೇಟು ಹಾಕಿದ್ದೇ ತಡ, ದಾರೀಲಿ ಹೋಗೋರೂ ಕೈ ಹಾಕಿದ್ರು, ಕೆಲವೇ ಗಂಟೇಲಿ ಕಾರು ಬುಡಮೇಲು. ನನ್ನ ಕಸುಬಲ್ಲಿ ಇದು ದಿನಾ ಕಾಣೋದು, ಗಾಜು ಒಡೆದ ಗಾಡಿನ ನಾಲ್ಕು ದಿನ ರೋಡಲ್ಲಿ ಬಿಟ್ರೆ ಟೇಪು, ಬ್ಯಾಟರಿ, ಸ್ಟೆಪ್ನಿ ಒಂದೊಂದೇ ಮಾಯ.

ಆದ್ರೆ ಅದೇ ಲೇಖನದಲ್ಲಿ ಇರೋ ಇನ್ನೊಂದು ವಿಷಯ ಯಾರೂ ನೆನಪಿಟ್ಕೊಳ್ಳಲ್ಲ. ಅಮೆರಿಕದ ನೆವಾರ್ಕ್ ಊರಲ್ಲಿ ಪೊಲೀಸ್ರನ್ನ ಕಾರಿಂದ ಇಳಿಸಿ ನಡೆದಾಡೋಕೆ ಹಚ್ಚಿದ್ರು, ಅಪರಾಧ ಕಮ್ಮಿ ಆಗ್ಲಿಲ್ಲ, ಜನರ ಭಯ ಮಾತ್ರ ಕಮ್ಮಿ ಆಯ್ತು, ಪೊಲೀಸರ ಮೇಲೆ ಪ್ರೀತಿನೂ ಹೆಚ್ಚಾಯ್ತು. ಇದನ್ನ ಮರೆತು ನ್ಯೂಯಾರ್ಕಿನೋರು ಹಿಡ್ಕೊಂಡಿದ್ದು ಝೀರೋ ಟಾಲರೆನ್ಸು, ಸಣ್ಣ ತಪ್ಪನ್ನೂ ಬಿಡಬಾರದು ಅನ್ನೋದು. 2011 ಒಂದೇ ವರ್ಷ ಆ ಊರಲ್ಲಿ ಪೊಲೀಸ್ರು ರೋಡಲ್ಲಿ ತಡೆದು ನಿಲ್ಲಿಸಿದ್ದು ಹೆಚ್ಚುಕಮ್ಮಿ 6.85 ಲಕ್ಷ ಸಲ, ಬಹುಪಾಲು ಕಪ್ಪು, ಲ್ಯಾಟಿನೋ ಹುಡುಗ್ರು. 2013ರಲ್ಲಿ ಫೆಡರಲ್ ಕೋರ್ಟು ಅದು ನಡೆದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತು. ತಡೆಯೋದು ಕಮ್ಮಿ ಮಾಡಿದ ಮೇಲೆ ಊರೇನೂ ಹೊತ್ತಿ ಉರೀಲಿಲ್ಲ. ಹೊತ್ತಿ ಉರಿದಿದ್ದು ಲಂಡನ್ನಿನ ಬ್ರಿಕ್ಸ್‌ಟನ್, 1981ರ ಏಪ್ರಿಲ್‌ನಲ್ಲಿ, ಮಫ್ತಿ ಪೊಲೀಸ್ರು ಕೆಲವೇ ದಿನದಲ್ಲಿ ಸಾವಿರದ ಹತ್ತಿರ ಜನರನ್ನ ತಡೆದು ಜೇಬು ನೋಡಿದ ಮೇಲೆ. ಎಡಗಡೆಯವ್ರು ಇದನ್ನ ನೋಡಿಯೇ ಹೇಳಿದ್ದು, ಪೊಲೀಸರಿಗೆ ಅಪರಾಧದ ಸುಳಿವು ಸಿಗೋದು ಜನರ ಬಾಯಿಂದ, ನಂಬಿಕೆ ಹೋದ್ರೆ ಬಾಯಿ ಮುಚ್ಚುತ್ತೆ, ಬಾಯಿ ಮುಚ್ಚಿದ್ರೆ ಪೊಲೀಸ್ರು ಕಂಡಕಂಡೋರನ್ನ ತಡೀತಾರೆ, ತಡೆದಷ್ಟೂ ಇದ್ದಬದ್ದ ಬಾಯೂ ಮುಚ್ಚುತ್ತೆ. ನನ್ನ ಇಂಡಿ ಡ್ರೈವರ್ ಹೆಸರು ಗೊತ್ತಿದ್ದೂ ಹೇಳದೇ ಬಂದನಲ್ಲ, ಅದು ಈ ಸುತ್ತಿನ ಒಂದು ತುದಿ.

ಬಲಗಡೆಯವರಲ್ಲಿ ನನಗೆ ಹಿಡಿಸೋದು ಸಣ್ಣ ಸಣ್ಣ ಪ್ರಾಕ್ಟಿಕಲ್ ಮಂದಿ. 1979ರಲ್ಲಿ ಕೋಹೆನ್, ಫೆಲ್ಸನ್ ಹೇಳಿದ್ದು: ಮಾಡೋ ಮನಸ್ಸಿರೋನು, ಸುಲಭಕ್ಕೆ ಸಿಗೋ ವಸ್ತು, ನೋಡ್ಕೊಳ್ಳೋರು ಇಲ್ದಿರೋ ಜಾಗ, ಮೂರೂ ಒಂದೇ ಹೊತ್ತಿಗೆ ಕೂಡಿದ್ರೆ ಅಪರಾಧ, ಒಂದನ್ನ ಕಿತ್ತರೆ ಇಲ್ಲ. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಇಲ್ದೋರಿಗೆ ಸ್ಥಳದಲ್ಲೇ ದಂಡ ಶುರು ಮಾಡಿದ್ರು, ತಲೆ ಉಳೀಲಿ ಅಂತ. ಆಗಿದ್ದು ಏನಂದ್ರೆ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಇದ್ದ ಬೈಕ್ ಕಳ್ಳತನ 1986ಕ್ಕೆ ಮೂರನೇ ಒಂದು ಭಾಗಕ್ಕೆ ಇಳೀತು, ಯಾಕಂದ್ರೆ ದಾರೀಲಿ ಕಂಡ ಬೈಕ್ ಎತ್ಕೊಂಡು ಹೋಗೋನ ಹತ್ರ ಹೆಲ್ಮೆಟ್ ಇರಲ್ಲ, ಮುಂದಿನ ಚೌಕಲ್ಲೇ ಸಿಕ್ಕಿಬೀಳ್ತಾನೆ. ಪುಣೆಯಲ್ಲಿ ಹೆಲ್ಮೆಟ್ ಕಡ್ಡಾಯದ ವಿರುದ್ಧ ಆಂದೋಲನಾನೇ ಆಗಿದೆ, ನಮ್ಮ ಕನ್ನಡದೋರೂ ಅದರಲ್ಲಿ ಹಿಂದೆ ಬಿದ್ದಿಲ್ಲ, ಬೈಕ್ ಹೋಯ್ತು ಅಂತ ನನ್ನ ಮುಂದೆ ಕೂತು ಅಳೋರಿಗೆ ನಾನು ಈ ಜರ್ಮನಿ ಕಥೆ ಹೇಳಿಯೇ ಫಾರ್ಮ್ ಕೊಡೋದು.

ಕೇಳ್ಕೊಳ್ಳೋದು ಏನು ಅಂತ ಈಗ ಹೇಳ್ತೀನಿ. ಗಾಡಿ ತೋಡ್‌ಫೋಡ್ ಆದ ಓಣಿಗೆ ಮಾರನೇ ದಿನ ಗಸ್ತು ತಿರುಗೋ ಬೀಟ್ ಮಾರ್ಷಲ್ ಬಂದು ಒಡೆದ ಗಾಡಿ ಎಲ್ಲಾ ಒಟ್ಟಿಗೆ ಬರ್ಕೊಳ್ಳಲಿ, ಎಲ್ಲರ ಹಾನಿ ಒಂದೇ ದೂರಿನಲ್ಲಿ ಸೇರಲಿ, ದೂರು ಕೊಡೋನು ಸ್ಟೇಷನ್ನಿಗೆ ಒಬ್ಬಂಟಿ ನಡ್ಕೊಂಡು ಬಂದು ಎಲ್ಲರ ಕಣ್ಣಿಗೆ ಬೀಳೋದು ಬೇಡ. ಯಾರ ಕೇಸಿನಲ್ಲಿ ಬೇಲ್ ಆಯ್ತು ಅನ್ನೋದನ್ನ ಹುಡುಗ ಓಣಿಗೆ ವಾಪಸ್ ಬರೋಕೆ ಮುಂಚೆ ದೂರುದಾರನಿಗೆ ಒಂದು ಫೋನ್ ಮಾಡಿ ಹೇಳಿ. ಮೈನರ್‌ಗಳನ್ನ ಮುಂದೆ ಬಿಟ್ಟು ಹಿಂದೆ ಕೂತಿರೋ ದಾದಾಗಳಿಗೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 95ನೇ ಕಲಮು ಇದೆ, ಮಕ್ಕಳನ್ನ ಅಪರಾಧಕ್ಕೆ ಹಚ್ಚಿದ್ರೆ ಕಮ್ಮಿ ಅಂದ್ರೂ 3 ವರ್ಷ, 10 ವರ್ಷದವರೆಗೂ ಆಗುತ್ತೆ, ಅದನ್ನ ಎಷ್ಟು ಕೇಸಿಗೆ ಹಾಕಿದೀರಿ ಅಂತ ಪ್ರೆಸ್ ಮೀಟಲ್ಲಿ ಹೇಳಿ, ಹಿಡಿದ ಕೊಯ್ತಾಗಳನ್ನ ಟೇಬಲ್ ಮೇಲೆ ಜೋಡಿಸಿದ ಫೋಟೋ ಸಾಕಾಗಿದೆ. ಮೋಕ್ಕಾ (ಸಂಘಟಿತ ಅಪರಾಧದ ಕಾಯ್ದೆ), ತಡೀಪಾರ್ (ಗಡಿಪಾರು) ಬೇಡ ಅಂತಿಲ್ಲ, ನಿಜವಾದ ಗ್ಯಾಂಗಿಗೆ ಬೇಕು. ಆದ್ರೆ ತಡೀಪಾರ್ ಆದೋನು ಅದೇ ಓಣಿಯಲ್ಲಿ ಬರ್ತ್‌ಡೇ ಕೇಕನ್ನ ತಲ್ವಾರಲ್ಲಿ ಕತ್ತರಿಸೋದನ್ನ ಜನ ನೋಡ್ತಾರೆ, ಆಗ ಎಷ್ಟು ದೊಡ್ಡ ಕಾಯ್ದೆ ಆದ್ರೂ ಅಗ್ಗ ಆಗುತ್ತೆ. ಶಿಕ್ಷೆ ಜೋರಾಗಿರೋದಕ್ಕಿಂತ ಸಿಕ್ಕೇ ಸಿಗ್ತೀನಿ ಅನ್ನೋದು ಖಾತ್ರಿ ಇರ್ಬೇಕು, ಬೆಕಾರಿಯಾ ಅನ್ನೋ ಇಟಲಿಯವನು 1764ರಲ್ಲೇ ಇದನ್ನ ಬರೆದಿಟ್ಟು ಹೋಗಿದಾನೆ.

ಎಲ್ಲಕ್ಕಿಂತ ಮುಖ್ಯ, ಇಸ್ಲಿಂಗ್ಟನ್ ಥರದ್ದು ಒಂದು ಸರ್ವೇ ಮಾಡಿಸಿ. ಇಡೀ ಪುಣೆ ಬೇಡ, ಎರಡು ವಾರ್ಡು ಸಾಕು. ನಿಮ್ಮವರು ಹೋಗಿ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ, ಈ ಊರಲ್ಲಿ ಸೋಷಿಯಾಲಜಿ, ಸೋಷಿಯಲ್ ವರ್ಕ್ ಓದೋ ಹುಡುಗ ಹುಡುಗೀರು ಸಾವಿರ ಜನ ಇದಾರೆ, ಅವ್ರನ್ನ ಕಳಿಸಿ. ಕನ್ನಡ, ತೆಲುಗು, ಹಿಂದಿ ಬರೋರನ್ನೂ ಕಳಿಸಿ, ಯಾಕಂದ್ರೆ ಲೇಬರ್ ಕ್ಯಾಂಪಿನ ಹೆಂಗಸರು ಮರಾಠಿಯಲ್ಲಿ ಕೇಳಿದ್ರೆ ಎಲ್ಲಾ ಛಲೋ ಐತಿ ಅಂತಲೇ ತಲೆ ಆಡಿಸ್ತಾರೆ.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನೋರಿಗೆ ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ. 1984ರಲ್ಲಿ ಹೊತ್ತಿ ಉರಿದ ಭಿವಂಡಿಯಲ್ಲಿ 1988ರಿಂದ ಡಿಸಿಪಿ ಸುರೇಶ್ ಖೋಪಡೆ ಮೊಹಲ್ಲಾ ಕಮಿಟಿ ಕಟ್ಟಿದ್ರು, ಪೊಲೀಸ್ರು ಓಣಿ ಓಣಿಗೆ ಹೋಗಿ ಹಿಂದೂ ಮುಸ್ಲಿಂ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಲ್ಲಿ, ಗಟಾರ, ಜಗಳ ಎಲ್ಲ ಮಾತಾಡಿದ್ರು. 1992-93ರಲ್ಲಿ ಮುಂಬೈ ಉರಿಯೋವಾಗ ಭಿವಂಡಿ ಸುಮ್ನಿತ್ತು. ಅವರೇನೂ ಕ್ರಿಮಿನಾಲಜಿ ಪಂಥ ಹಿಡ್ಕೊಂಡು ಹೋಗಿರ್ಲಿಲ್ಲ, ಯೂನಿಫಾರ್ಮ್ ಹಾಕಿದೋರೇ.

ಪಾಲಿಕೆ ಸಾಹೇಬ್ರಿಗೆ ಒಂದೇ ಕೆಲಸ. ನಮ್ಮ ಕಡೆ ಗಾಡಿ ಒಡೆದ ಜಾಗದಲ್ಲೆಲ್ಲ ಒಂದಲ್ಲ ಒಂದು ಲೈಟ್ ಕಂಬ ಸತ್ತಿರುತ್ತೆ. ಕೆಟ್ಟ ಕಂಬಗಳ ನಂಬರ್ ಪಟ್ಟಿ ಮರಾಠಿ ಪ್ರತಿ ಜೊತೆ ಇಟ್ಟಿದೀನಿ, ಡ್ರೈವರ್‌ಗಳೇ ರಾತ್ರಿ ಟಾರ್ಚ್ ಬಿಟ್ಟು ಬರ್ಕೊಂಡು ಬಂದಿದ್ದು. ಅವರ ಹೆಸರು ಅದರಲ್ಲಿ ಹಾಕಿಲ್ಲ, ಕೇಳ್ಬೇಡಿ.

ಇಂತಿ,
ವಾರ್ಜೆ ಕಡೆಯ ಒಬ್ಬ ಕ್ಲೇಮಿನವನು